ಮೂರು ಬೀಜದ ಕಾಯಿ

ಬೆಳಿಗ್ಗೆಯಿಂದ ನಾನೂ ನನ್ನ ಗಂಡನೂ ಮಾತು ಬಿಟ್ಟಿದ್ದೀವಿ. ಒಲೆ ಮೇಲೆ ಕಡ್ಲೆಕಾಯಿ ಬೇಯುವ ವಾಸನೆ ಬಂದಿದ್ದೇ ಮನಸ್ಸು ನಾನು ಚಿಕ್ಕವಳಿದ್ದಾಗಿನ ಅಮರಾಪುರದ ನಮ್ಮ ಮನೆ ಪಡಸಾಲೆಗೆ ಹೋಗಿಬಿಟ್ಟಿತು.

ಅವತ್ತು ಅಪ್ಪನ ಜತೆ ಜಗಳ ಆಡಿದ ಅಮ್ಮ, ತವರಿಗೆ ಹೋಗ್ತೀನಿ ಅಂತ ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಆದರೂ ಬಿತ್ತನೆ ಕಾಯಿ ಸುಲಿಯೋದು ಬಿಟ್ಟಿರಲಿಲ್ಲ. ನನಗೆ ಅಳು ಬರೋ ಹಂಗಾಗಿತ್ತು. ಆಚೆ ಮೂಲೆಯಲ್ಲಿ ಸುಲೀತಿದ್ದ ಅಪ್ಪನಿಗೆ ಅಪರೂಪಕ್ಕೆ ಮೂರು ಬೀಜದ ಕಾಯಿ ಸಿಕ್ಕಿತು. ಅಮ್ಮನಿಗೆ ಅದಂದ್ರೆ ಆಸೆ.

"ನಿಮ್ಮಮ್ಮಂಗೆ ಕೊಡು," ಅಂತ ನನ್ನ ಕೈಗಿಟ್ಟ.

ಅಮ್ಮ ಮುಖ ತಿರುಗಿಸದೇ ತಿಂದಳು. "ಇನ್ನೊಂದು ಐತಾ ಕೇಳು," ಅಂದಳು.

ಅಪ್ಪ ಸುಲಿಯೋದು ಬಿಟ್ಟು ಇಡೀ ಚೀಲ ಸುರಿದು ಹುಡುಕೋಕೆ ಕೂತ. ಅಮ್ಮ ನಕ್ಕುಬಿಟ್ಟಳು. ಗಂಟು ಯಾವಾಗ ಬಿಚ್ಚಿದಳೋ ಗೊತ್ತೇ ಆಗಲಿಲ್ಲ.

ಈಗ ನಾನೂ ಮೂರು ಬೀಜದ್ದೊಂದು ಆರಿಸಿ ಮಗಳ ಕೈಲಿ ಗಂಡನಿಗೆ ಕಳಿಸಿದೆ. ಓಡಿಬಂದಳು.

"ಅಮ್ಮ, ಇನ್ನೊಂದು ಐತಾ ಅಂತ ಕೇಳ್ತಾನೆ ಅಪ್ಪ."