ನಮ್ಮ ಮನೆಯಲ್ಲಿ ಕಟ್ಟಿಗೆ ಸೀಳುವುದಿಲ್ಲ

ಇವತ್ತು ಬೈಲಹೊಂಗಲದ ಕಟ್ಟಿಗೆ ಅಡ್ಡೆಯಲ್ಲಿ ಹಸಿ ಜಾಲಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೆನ್ನೆ ಚುರುಗುಟ್ಟಿತು.

ಸಣ್ಣವನಿದ್ದಾಗ "ಆಯಿ, ಕಟ್ಟಿಗಿ ಸೀಳಲೇನು?" ಎಂದು ಕೇಳಿದ್ದಕ್ಕೆ ಮುತ್ತಜ್ಜಿ ಅದೇ ಕೆನ್ನೆಗೆ ಬಾರಿಸಿದ್ದಳು.

"ಸಣ್ಣದು ಮಾಡ್ತೇನಿ ಅನ್ನು. ಆ ಮಾತು ಈ ಮನ್ಯಾಗ ಬ್ಯಾಡ."

ನನ್ನ ಅಳು ನಿಂತ ಮೇಲೆ ಕಾರಣ ಹೇಳಿದಳು.

ಅವಳಿನ್ನೂ ಲಂಗದ ಹುಡುಗಿಯಾಗಿದ್ದಾಗ ನಡೆದದ್ದು. ಅವರ ಊರು ಚಚಡಿಯಲ್ಲಿ ಅವಳಪ್ಪ ಮತ್ತು ಕಾಕಾ ಬೇರೆಯಾದರು. ಹೊಲ ಹಂಚಿಕೊಂಡರು, ಒಂದೊಂದು ಎತ್ತು ಹಿಡಿದರು, ನೊಗ ಒಂದೇ ಉಳಿಯಿತು. ಒಂಟಿ ಎತ್ತಿಗೆ ಜೋಡಿ ನೊಗ ಯಾತಕ್ಕೆಂದು ಇಬ್ಬರೂ ಯೋಚಿಸಲಿಲ್ಲ. ಅಪ್ಪ ಅದನ್ನು ಅಂಗಳಕ್ಕೆಸೆದು, ಕಾಲಿನಿಂದ ಒತ್ತಿ ಹಿಡಿದು ಕೂಗಿದ:

"ಗಂಡಸಾಗಿದ್ರ ಸೀಳು ಲೇ!"

ಕಾಕಾ ಕೊಡಲಿ ಬೀಸಿದ. ಹಳೆಯ ಜಾಲಿಯ ನೊಗ ಕಲ್ಲಾಗಿತ್ತು. ಕೊಡಲಿ ಜಾರಿ ಅಪ್ಪನ ಮೊಣಕಾಲಿಗೆ ನಾಟಿತು. ರಕ್ತ ಹೊಸ್ತಿಲವರೆಗೂ ಚಿಮ್ಮಿತು. ಕಾಕಾ "ಅಣ್ಣಾ, ಅಣ್ಣಾ" ಎಂದು ಚೀರುತ್ತ ರುಮಾಲು ಬಿಚ್ಚಿ ಕಟ್ಟಿದ. ಎರಡೂ ಎತ್ತುಗಳನ್ನು ಅದೇ ನೊಗಕ್ಕೆ ಹೂಡಿ, ಚಕ್ಕಡಿಯನ್ನು ಸವದತ್ತಿಯ ದವಾಖಾನೆಯತ್ತ ಓಡಿಸಿದ. ದಾರಿಯಲ್ಲೇ ಅಪ್ಪನ ಜೀವ ಹೋಯಿತು.

"ಸೀಳಲೇನ್ರಿ?" ಅಡ್ಡೆಯವನು ಕೊಡಲಿ ಎತ್ತಿ ಕೇಳಿದ. ದಿಮ್ಮಿಯ ಮೇಲೆ ಅವನ ಕಾಲಿತ್ತು.

"ಮೊದಲ ಕಾಲು ತಗೀರಿ," ಅಂದೆ. "ಆಮ್ಯಾಲ ಸಣ್ಣದು ಮಾಡ್ರಿ."