ಚಕ್ರವರ್ತಿಯನ್ನು ಸೋಲಿಸಿಕೊಂಡು ಬಂದದ್ದು

ನಮ್ಮ ಬಯಲಾಟದ ಮೇಳ ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೊರಟಾಗ ಜೊತೆಗಿದ್ದದ್ದು ಹನ್ನೊಂದು ಜನ, ಮೂರು ಟ್ರಂಕು ವೇಷ, ಒಂದು ಮದ್ದಳೆ, ಜೊತೆಗೆ ನನ್ನ ಎದೆಯ ಪುಕುಪುಕು. ಊರಿನ ಮೇಷ್ಟ್ರಾದ ನಾನೇ ಆಟ ಕಲಿಸಿದವನು, ತಾಳ ಹಿಡಿದು ಹಾಡುವ ಭಾಗವತನೂ ನಾನೇ. ಕಥೆ ಭರತ ಬಾಹುಬಲಿಯರದು. ಭೂಮಿಯನ್ನೆಲ್ಲ ಗೆದ್ದ ಅಣ್ಣ ಭರತನಿಗೆ ತಮ್ಮನೂ ತನಗೆ ತಲೆಬಾಗಬೇಕೆಂಬ ಹಟ. ದೃಷ್ಟಿಯುದ್ಧ, ಜಲಯುದ್ಧ ಎರಡರಲ್ಲೂ ಅಣ್ಣ ಸೋಲುತ್ತಾನೆ. ಮಲ್ಲಯುದ್ಧದಲ್ಲಿ ತಮ್ಮ ಅವನನ್ನು ಮೇಲೆತ್ತಿ, ಅಪ್ಪಳಿಸದೆ ಮೆಲ್ಲಗೆ ಇಳಿಸಿ, ಗೆದ್ದ ರಾಜ್ಯವನ್ನೂ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ.

ನಮ್ಮ ಭರತ ಊರಿನ ಪಟೇಲರು. ಬಾಹುಬಲಿ ಅವರದೇ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ ನಿಂಗ. ಊರಲ್ಲಿ ಎರಡು ಸಲ ಆಡಿದಾಗಲೂ ಪಟೇಲರು ಎತ್ತಿಸಿಕೊಳ್ಳಲಿಲ್ಲ. ಮಲ್ಲಯುದ್ಧ ಬಂದೊಡನೆ ಮೀಸೆ ತಿರುವಿ ಒಂದು ಸುತ್ತು ಕುಣಿದು ಒಳಕ್ಕೆ ಹೋಗಿಬಿಟ್ಟರು. ನಾನು ಇಬ್ಬರಿಗೂ ಜಯವೆಂದು ಹಾಡಿ ಮಂಗಳ ಮುಗಿಸಿದೆ. ಆದರೆ ಈಗ ನಮ್ಮನ್ನು ಕರೆಸಿದ್ದ ಬಟ್ಟೆ ವ್ಯಾಪಾರಿ ಪದ್ಮಯ್ಯನವರು, ತಮ್ಮ ಜೈನರ ಬೀದಿಗೆ ಈ ಕಥೆ ಬಾಯಿಪಾಠ, ಚಕ್ರವರ್ತಿ ಸೋಲದ ಆಟವಾದರೆ ಬರಬೇಡಿ ಎಂದು ಬರೆದಿದ್ದರು. ಪಟೇಲರನ್ನು ಕೇಳದೆಯೇ ನಾನು ಒಪ್ಪಿಬಿಟ್ಟಿದ್ದೆ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ತಲೆಗೆ ಆರಾಣೆ ಕೊಟ್ಟು ಹತ್ತಿದ ನಾವು ಏರು ಸಿಕ್ಕಲ್ಲೆಲ್ಲ ಇಳಿದು ತಳ್ಳಿದೆವು. ಪಟೇಲರು ಮಾತ್ರ ಡ್ರೈವರ್ ಪಕ್ಕದಿಂದ ಅಲ್ಲಾಡಲಿಲ್ಲ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸುವ ಮೊದಲು ಹೇಮಾವತಿ ದಡದಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಅಲ್ಲಿ ನಿಂಗನನ್ನು ಪಕ್ಕಕ್ಕೆ ಕರೆದು, ಈ ಸಲ ಎತ್ತಲೇಬೇಕು ಎಂದೆ.

"ಬತ್ತದ್ ಮೂಟೆ ಎತ್ದಂಗೆ ಎತ್ತೇನು ಮೇಷ್ಟ್ರೇ. ಗದ್ದೆ ಕಿತ್ಕಂಡ್ರೆ ಎಂಡ್ರು ಮಕ್ಳಿಗೆ ಏನ್ ಉಣ್ಣಾಕಿಕ್ಲಿ?"

ರೊಟ್ಟಿಯ ಗಂಟು ಕಟ್ಟಿಕೊಂಡು ಬಸ್ಸಿನತ್ತ ಹೊರಟೆ. ಪಟೇಲರಿಗೆ ಹೇಳುವ ಧೈರ್ಯ ಮೊದಲೇ ಇರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಉಪಚಾರವೇನೋ ಭರ್ಜರಿಯಾಗಿತ್ತು. ಆದರೆ ಮಾರನೆಯ ದಿನ ಮಧ್ಯಾಹ್ನವೇ ಆಟ ಶುರುವಾಗಬೇಕೆಂದಾಗ ತಬ್ಬಿಬ್ಬಾದೆವು. ರಾತ್ರಿಯಿಡೀ ಕುಣಿದು ಬೆಳಗು ಮಾಡುವವರು ನಾವು. ಅವರೋ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವರು. ಬೀದಿಗೆಲ್ಲ ಅಡುಗೆ ಮಾಡಿಸಿ, ಆಟ ಮುಗಿದ ಕೂಡಲೇ ಬೆಳಕಿರುವಾಗಲೇ ಪಂಕ್ತಿ ಎಂದು ಪದ್ಮಯ್ಯನವರು ಗೊತ್ತು ಮಾಡಿದ್ದರು.

ಎರಡು ಯುದ್ಧ ಸರಾಗವಾಗಿ ಮುಗಿದವು. ಮಲ್ಲಯುದ್ಧ ಬಂತು. ಪಟೇಲರು ಮೀಸೆ ತಿರುವಿ ಒಳಕ್ಕೆ ತಿರುಗಿದರು. ಜನ ದಾರಿ ಬಿಡಲಿಲ್ಲ. ಪಟೇಲರು ಮತ್ತೆ ಕುಣಿದರು, ತಾವು ಗೆದ್ದ ದೇಶಗಳ ಹೆಸರನ್ನೆಲ್ಲ ಇನ್ನೊಮ್ಮೆ ಹೇಳಿದರು. ನಿಂಗ ತಲೆ ತಗ್ಗಿಸಿ ನಿಂತೇ ಇದ್ದ. ಸೂರ್ಯ ಕೆರೆ ಏರಿಗೆ ಗೇಣುದ್ದ ಮೇಲಿದ್ದ. ಒಳಗೆ ಅನ್ನ ಬಸಿದ ವಾಸನೆ ಬರುತ್ತಿದ್ದರೂ ಒಬ್ಬರೂ ಏಳಲಿಲ್ಲ. ನನಗೆ ನಾಚಿಕೆಯಿಂದ ತಾಳವೇ ತಪ್ಪಿಹೋಯಿತು.

ಮುಂದೆ ಕುಳಿತಿದ್ದ ಪದ್ಮಯ್ಯನವರ ತಾಯಿ, ಹಣ್ಣು ಹಣ್ಣು ಮುದುಕಿ, ಪಟೇಲರನ್ನೇ ನೋಡಿ ಮೆಲ್ಲಗೆ ಹೇಳಿದರು: "ಒತ್ತು ಮುಳುಗ್ತಾ ಅದೆ ಕಣಪ್ಪಾ. ನೀನೊಬ್ಬ ಸೋಲಾಕಿಲ್ಲ ಅಂತ ಇಷ್ಟು ಜನ ಉಪಾಸ ಮಲಗ್ಬೇಕಾ?"

ಪಟೇಲರ ಕುಣಿತ ನಿಂತಿತು. ಜನರನ್ನು ನೋಡಿದರು, ಪಡುವಣ ನೋಡಿದರು. ಆಮೇಲೆ ಕಿರೀಟ ಭದ್ರ ಮಾಡಿಕೊಂಡು ನಿಂಗನ ಹತ್ತಿರ ಹೋಗಿ ಎರಡು ತೋಳನ್ನೂ ಚಾಚಿದರು.

"ಎತ್ಲಾ. ಬೀಳುಸ್ಬ್ಯಾಡ."

ನಿಂಗ ಎತ್ತಿದ. ಬೀದಿಗೆ ಬೀದಿಯೇ ಎದ್ದು ಜಯಕಾರ ಹಾಕಿತು. ಇಬ್ಬರಿಗಲ್ಲ, ಗೆದ್ದವನೊಬ್ಬನಿಗೇ ಜಯವೆಂದು ನಾನು ಗಂಟಲು ಕಿತ್ತುಹೋಗುವಂತೆ ಕೂಗಿ ಹಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಕಂಡದ್ದು ಕಡಿಮೆ. ನಿಂಗ ಅವರನ್ನು ಕೂಸನ್ನು ಇಳಿಸುವ ಹಾಗೆ ಇಳಿಸಿದ. ಬಣ್ಣ ತೊಳೆಯಲು ಪುರುಸೊತ್ತಿಲ್ಲ; ಬೆಳಕು ಹೋಗುವ ಮುಂಚೆ ಕೂರಿ ಎಂದು ಎಲ್ಲರನ್ನೂ ಒಂದೇ ಸಾಲಿಗೆ ತಳ್ಳಿದರು. ಚಕ್ರವರ್ತಿಯೂ ಅವರ ಒಕ್ಕಲೂ ಪಕ್ಕಪಕ್ಕದಲ್ಲೇ ಪಾಯಸ ಉಂಡರು.

ಹಿಂತಿರುಗುವಾಗ ಪಟೇಲರು ಮತ್ತೆ ಡ್ರೈವರ್ ಪಕ್ಕದಲ್ಲೇ ಹೋಗಿ ಕೂತರು. ಗದ್ದೆ ಹೋಯಿತೆಂದೇ ನಿಂಗನ ಮುಖ ಬಾಡಿತ್ತು. ಊರು ಮುಟ್ಟಿದಾಗ ಚಾವಡಿ ಮುಂದೆ ಜನ ಸೇರಿ, ಆಟ ಏನಾಯಿತೆಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಟೇಲರು ನಿಂಗನ ಹೆಗಲ ಮೇಲೆ ಕೈಯಿಟ್ಟು ಮುಂದೆ ಬಂದರು.

"ಸೋತ್ಬಂದಿವ್ನಿ ಕಣ್ರಪ್ಪ. ನಮ್ ನಿಂಗನೇ ಎತ್ತಿದ್ದು. ಬರೋ ಸ್ವಾಮಾರ ಇಲ್ಲೂ ಎತ್ತುತಾನೆ. ನನ್ ಒಕ್ಕಲು ಒಬ್ರೂ ತಪ್ಪಂಗಿಲ್ಲ, ಬಂದು ನೋಡ್ಬೇಕು."