ವಲೇರಿಯನ್ ಮತ್ತೆ ಅಲ್ ಐನ್‌ಗೆ ಹೋದದ್ದು

ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಒಂದು ಡಬ್ಬಿ ಖರ್ಜೂರ ಬಂತು. ತಂದುಕೊಟ್ಟವನು ಪಕ್ಕದ ಕೋಣೆಯ ವಲೇರಿಯನ್. "ಅಲ್ ಐನ್‌ದು ಅಕ್ಕ. ಅಲ್ಲಿಂದ ಬರುವಾಗ ತಂದದ್ದು" ಎಂದ. ನಾನು ಒಂದನ್ನು ಬಾಯಿಗೆ ಹಾಕಿಕೊಂಡು, "ಆಹಾ, ಅಲ್ ಐನ್ ಖರ್ಜೂರದ ರುಚಿಯೇ ಬೇರೆ" ಎಂದೆ.

ವಲೇರಿಯನ್ ತನ್ನ ಜನ್ಮದಲ್ಲಿ ಅಲ್ ಐನ್ ನೋಡಿದವನಲ್ಲ. ಆ ಡಬ್ಬಿ ನಮ್ಮ ಗಲ್ಲಿಯ ಮೂಲೆಯಲ್ಲಿರುವ ಹಮೀದಾಕನ ಗ್ರೋಸರಿಯದ್ದು. ಸ್ಟಿಕ್ಕರ್ ಕಿತ್ತ ಜಾಗ ಇನ್ನೂ ನನ್ನ ಬೆರಳಿಗೆ ಅಂಟುತ್ತಿತ್ತು. ಅವನು ಬಂದದ್ದು ಜೈಲಿನಿಂದ.

ಅದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. (ಅಥವಾ ಗೊತ್ತಿತ್ತೇನೋ. ಈ ಕತೆಯಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಲೆಕ್ಕ ಹಾಕಹೊರಟರೆ ತಲೆ ಕೆಡುತ್ತದೆ.)

ನಾವಿರುವುದು ಗಲ್ಫಿನ ಸತ್ವಾ ಎಂಬ ಪೇಟೆಯ ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದಕೂಡಲೇ ಈಜುಕೊಳ, ಲಾನ್ ಎಲ್ಲ ಊಹಿಸಿಕೊಳ್ಳಬೇಡಿ. ಒಂದು ಸಂಸಾರಕ್ಕೆ ಒಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಯಾರ ಮನೆಯಲ್ಲಿ ಮೀನು, ಯಾರ ಮನೆಯಲ್ಲಿ ಮುನಿಸು ಎನ್ನುವುದು ಒಗ್ಗರಣೆಯ ಸದ್ದಿನಲ್ಲೇ ತಿಳಿಯುವ ಜಾಗ ಅದು. ಇಂಥಲ್ಲಿ ಗಂಡ ಜೈಲಿನಲ್ಲಿರುವ ಸುದ್ದಿಯನ್ನು ಮುಚ್ಚಿಡಬಹುದೇ?

ವಲೇರಿಯನ್‌ನ ಹೆಂಡತಿ ಐರಿನ್ ಮುಚ್ಚಿಟ್ಟಳು. ಅಂದರೆ, ಮುಚ್ಚಿಟ್ಟಿದ್ದೇನೆ ಎಂದು ನಂಬಿದಳು.

ನಡೆದದ್ದು ಇಷ್ಟು. ವಲೇರಿಯನ್ ಒಂದು ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ, ದಟ್ಟ ಮಂಜು. ರಸ್ತೆ ದಾಟುತ್ತಿದ್ದ ಒಬ್ಬ ಮನುಷ್ಯ ವ್ಯಾನಿನಡಿ ಬಂದ, ಸತ್ತುಹೋದ. ಕೋರ್ಟು, ಶಿಕ್ಷೆ, ಜೈಲು. ಐರಿನ್ ಆಸ್ಪತ್ರೆಯಲ್ಲಿ ನರ್ಸು. ಏಳನೇ ಕ್ಲಾಸಿನ ಮಗಳು ಶೆರಿಲ್‌ಗೆ ಏನು ಹೇಳುವುದೆಂದು ತೋಚದೆ, "ಪಪ್ಪನಿಗೆ ಅಲ್ ಐನ್‌ಗೆ ಟ್ರಾನ್ಸ್‌ಫರ್ ಆಗಿದೆ" ಎಂದಳು. ಮಗಳಿಗೆ ಹೇಳಿದ್ದನ್ನೇ ಅಡುಗೆಮನೆಯಲ್ಲಿ ನಮಗೂ ಹೇಳಬೇಕಾಯಿತು.

ನಮಗೆ ಆಗಲೇ ಎಲ್ಲ ತಿಳಿದಿತ್ತು. ಆದರೂ ಒಬ್ಬೊಬ್ಬರೂ ಮುಖ ಅರಳಿಸಿ, "ಒಳ್ಳೆದಾಯ್ತು, ಅಲ್ಲಿ ಹಸಿರು ಜಾಸ್ತಿ ಅಂತೆ" ಎಂದೆವು. ಆ ದಿನದಿಂದ ಎದುರು ಕೋಣೆಯ ಲಿಲ್ಲಿ ಬಾಯಿ ಸಂಜೆಯ ತೇರ್ಸದಲ್ಲಿ, ಜಪಸರ ಹಿಡಿದುಕೊಂಡು, "ಅಲ್ ಐನ್‌ನಲ್ಲಿ ಕಷ್ಟದಲ್ಲಿ ಇರುವವರಿಗಾಗಿ" ಎಂದು ಒಂದು ವಿಶೇಷ ಪ್ರಾರ್ಥನೆ ಸೇರಿಸತೊಡಗಿದರು. ನಿಜವಾದ ಅಲ್ ಐನ್ ಜನಕ್ಕೆ ಆ ಪುಣ್ಯ ಪುಕ್ಕಟೆಯಾಗಿ ಸಿಕ್ಕಿರಬೇಕು.

ಹಾಗಾಗಿ ಬಿಡುಗಡೆಯಾದ ದಿನ ವಲೇರಿಯನ್ ಎದುರಿಸಬೇಕಾದ ಮೊದಲ ಸವಾಲು ಸಮಾಜವೂ ಅಲ್ಲ, ಕೆಲಸವೂ ಅಲ್ಲ. ಖರ್ಜೂರ! ಹೊರಗಿನಿಂದ ಬಂದವರು ಕೋಣೆಕೋಣೆಗೆ ಏನಾದರೂ ಹಂಚಬೇಕೆಂಬುದು ನಮ್ಮ ವಿಲ್ಲಾದ ಅಲಿಖಿತ ಕಾನೂನು. ಮಂಗಳೂರಿಂದ ಬಂದವರು ಹಲ್ವಾ ಹಂಚುತ್ತಾರೆ, ಉಡುಪಿಯಿಂದ ಬಂದವರು ಹಪ್ಪಳ. ಜೈಲಿನಿಂದ ಬಂದವರು ಏನು ಹಂಚಬೇಕು? ಐರಿನ್ ಹಮೀದಾಕನ ಅಂಗಡಿಗೆ ಓಡಿದಳು. ಸಂಜೆ ಅವನು ಹಮೀದಾಕನಿಗೂ ಒಂದು ಡಬ್ಬಿ ಕೊಟ್ಟ. ತಾನೇ ಮಾರಿದ ಡಬ್ಬಿಯನ್ನು ಹಮೀದಾಕ ಎರಡೂ ಕೈಯಲ್ಲಿ ಹಿಡಿದು, "ಮಾಶಾ ಅಲ್ಲಾಹ್, ಇಂಥದ್ದು ಸತ್ವಾದಲ್ಲಿ ಎಲ್ಲಿ ಸಿಗ್ತದೆ ವಾಲಿ?" ಎಂದರಂತೆ.

ಆಮೇಲೆ ಶುರುವಾಯಿತು ನೋಡಿ ವಿಚಾರಣೆ.

"ಅಲ್ಲಿ ಬಿಸಿನೀರಿನ ಬುಗ್ಗೆ ಉಂಟಂತಲ್ಲ ಪುತಾ?" ಲಿಲ್ಲಿ ಬಾಯಿ ಕೇಳಿದರು.

"ಉಂಟು ಬಾಯಿ. ಬಿಸಿ ಉಂಟು."

"ಊಟ ಎಲ್ಲ ಹೇಗೆ ಅಲ್ಲಿ?" ನಮ್ಮ ಯಜಮಾನರು ಬಾಯಿ ಹಾಕಿದರು.

"ಬೇಗ ಕೊಡ್ತಾರೆ. ಸಾಲಲ್ಲಿ ನಿಲ್ಲಿಸಿ ತಲೆ ಎಣಿಸಿದ ಮೇಲೆ."

ಬಾಣಲೆಯಲ್ಲಿ ಸಾಸಿವೆ ಮಾತ್ರ ಮಾತಾಡುತ್ತಿತ್ತು. "ಹೌದೌದು, ದೊಡ್ಡ ಕಂಪೆನಿ ಅಂದ್ರೆ ಹಾಗೆಯೇ, ಭಾರೀ ಡಿಸಿಪ್ಲಿನ್" ಎಂದು ನಾನು ತೇಪೆ ಹಚ್ಚಿದೆ.

ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನಗೆ ಸಂಕಟವಾದದ್ದು ಅವನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ. ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಲೋಟ ಹಿಡಿದು ಹೊರಗೇ ನಿಂತಿರುತ್ತಿದ್ದ, ಯಾರಾದರೂ "ಬಾ" ಎನ್ನುವ ತನಕ. ನಾವೆಲ್ಲ ಅದನ್ನೂ ಗಮನಿಸದವರಂತೆ ನಟಿಸಿದೆವು. ಶೆರಿಲ್ ಮಾತ್ರ ಒಂದು ದಿನ ನನ್ನ ಕಿವಿಯಲ್ಲಿ, "ಆಂಟಿ, ಐ ನ್ಯೂ ಫ್ರಮ್ ಡೇ ಒನ್. ಡೋಂಟ್ ಟೆಲ್ ಮಮ್ಮಿ, ಶಿ ವಿಲ್ ಫೀಲ್ ಬ್ಯಾಡ್" ಎಂದಳು. ಯಾರಿಗಾಗಿ ಈ ಸುಳ್ಳು ಹುಟ್ಟಿತ್ತೋ ಅವಳೇ ಅದನ್ನು ಅಮ್ಮನಿಗಾಗಿ ಸಾಕುತ್ತಿದ್ದಳು.

ಅವನಿಗೆ ಕೆಲಸ ಬೇಕಿತ್ತು. ಹಳೆಯ ಕಂಪೆನಿ ಕೈಬಿಟ್ಟಿತ್ತು. ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಅವನೂ ಹೇಳಿಬಿಟ್ಟಿದ್ದ. ಹಗಲಿಡೀ ಕೋಣೆಯಲ್ಲಿ ಕೂತು ಗೋಡೆ ನೋಡುತ್ತಾನೆ, ಹೀಗೇ ಆದರೆ ಊರಿಗೆ ಕಳಿಸುವುದೇ ದಾರಿ ಎಂದು ಐರಿನ್ ಅತ್ತಳು. ನನಗೆ ಪರಿಚಯದ ಶೆಟ್ಟರೊಬ್ಬರು ಮಿರ್ದಿಫ್‌ನಲ್ಲಿದ್ದಾರೆ, ಹೋಟೆಲುಗಳಿಗೆ ಪಾತ್ರೆ, ಒಲೆ ಸಪ್ಲೈ ಮಾಡುವವರು. ಅವರಿಗೆ ಗೋಡೌನ್ ನೋಡಿಕೊಳ್ಳಲು ಜನ ಬೇಕಿತ್ತು. ಎಲ್ಲಿ ಎಂದು ಕೇಳಿ.

ಅಲ್ ಐನ್‌ನಲ್ಲಿ!

ನಾನೇ ಅವನನ್ನು ಕರೆದುಕೊಂಡು ಹೋದೆ. ಶೆಟ್ಟರು ಚಹಾ ತರಿಸಿ, "ಅಲ್ ಐನ್ ಎಕ್ಸ್‌ಪೀರಿಯೆನ್ಸ್ ಉಂಟಲ್ಲ, ಬೇರೆ ಎಂತ ಬೇಕು?" ಎಂದರು. ವಲೇರಿಯನ್ ಚಹಾದ ಕಪ್ ಕೆಳಗಿಟ್ಟ. "ಇಲ್ಲ ಸರ್. ನಾನು ಅಲ್ ಐನ್ ನೋಡ್ಲೇ ಇಲ್ಲ. ಜೈಲಿನಲ್ಲಿ ಇದ್ದದ್ದು" ಎಂದ.

"ಗೊತ್ತುಂಟು ಮಾರಾಯ" ಎಂದರು ಶೆಟ್ಟರು, ಬಿಸ್ಕೆಟ್ ಅದ್ದುತ್ತಾ. "ನಿಜ ಹೇಳಿದ್ದು ಒಳ್ಳೆದಾಯ್ತು. ಕೆಲಸ ನಿಂಗೇ. ಆದ್ರೆ ಅಲ್ಲಿಯ ಸ್ಟಾಫಿನವರು ಕೇಳಿದ್ರೆ ಇಷ್ಟು ದಿನ ಫುಜೈರಾದಲ್ಲಿ ಇದ್ದೆ ಅಂತ ಹೇಳು. ಖಲಾಸ್."

ವಾಪಸ್ ಬರುವಾಗ ವಲೇರಿಯನ್ ಕೇಳಿದ: "ಅಕ್ಕ, ಫುಜೈರಾದಿಂದ ಬಂದವರು ಎಂತ ತರ್ತಾರೆ? ಸಮುದ್ರದ ಊರಲ್ವಾ, ಮೀನಾ?"

ಅಸಲಿ ತಮಾಷೆ ಇನ್ನು ಮುಂದಿದೆ. ಐರಿನ್ ಸಂಭ್ರಮದಿಂದ ಅಡುಗೆಮನೆಗೆ ಬಂದು, "ವಾಲಿ ಬರುವ ವಾರ ಅಲ್ ಐನ್‌ಗೆ ಹೋಗ್ತಾರೆ" ಎಂದಳು. ಲಿಲ್ಲಿ ಬಾಯಿಯ ಕೈಯಿಂದ ಸೌಟು ಬಿತ್ತು. ಶಿಲುಬೆಯ ಗುರುತು ಮಾಡಿಕೊಂಡು, "ಪುನಃ? ಎಂತ ಮಾಡಿದ ಅವ?" ಎಂದರು. ಸುದ್ದಿ ಗ್ರೋಸರಿ ತಲುಪಿತು. ಹಮೀದಾಕ ಅಂಗಡಿಯನ್ನು ಕೆಲಸದವನಿಗೆ ಬಿಟ್ಟು, ಒಂದು ಚೀಲ ಕಿತ್ತಳೆ ಹಿಡಿದು ಬಂದೇ ಬಂದರು. "ನನಗೆ ಒಬ್ರು ಒಳ್ಳೆ ವಕೀಲರ ಪರಿಚಯ ಉಂಟು, ಹೆದರ್ಬೇಡಿ ತಂಗಿ" ಎಂದರು.

ಐರಿನ್ ಮೊಬೈಲ್ ತೆಗೆದು ಆಫರ್ ಲೆಟರ್ ತೋರಿಸಿದಳು. ಲಿಲ್ಲಿ ಬಾಯಿ ಅದನ್ನು ಪೂರ್ತಿ ಓದಿ, ಕಣ್ಣೊರೆಸಿಕೊಂಡು, "ಈಗ ಹೀಗೆ ಎಲ್ಲ ಪ್ರಿಂಟ್ ಮಾಡಿಸ್ಲಿಕ್ಕೆ ಆಗ್ತದೆ ಮಗಾ, ನೀನು ಧೈರ್ಯದಲ್ಲಿ ಇರು" ಎಂದರು.

ಸುಳ್ಳು ಹೇಳಿದಾಗ ನಂಬಿದಂತೆ ನಟಿಸಿದ್ದ ನಾವು, ಸತ್ಯ ಹೇಳಿದಾಗ ನಂಬದೆ ಸಮಾಧಾನ ಹೇಳುತ್ತಿದ್ದೆವು. ಐರಿನ್ ಕಂಗಾಲಾದಳು. ಈ ಸಲ ಅಲ್ ಐನ್ ನಿಜ ಎನ್ನಬೇಕಾದರೆ ಹೋದ ಸಲದ್ದು ಸುಳ್ಳು ಎನ್ನಬೇಕು. ಇಲ್ಲವಾದರೆ ಮರ್ಯಾದೆಯಾಗಿ ದುಡಿಯಲು ಹೊರಟ ಗಂಡ ಇಡೀ ಸತ್ವಾದ ಕಣ್ಣಿಗೆ ಎರಡನೇ ಸಲ ಜೈಲಿಗೆ ಹೋದವನಾಗುತ್ತಾನೆ.

ಹೊರಡುವ ಮುಂಚಿನ ಭಾನುವಾರ, ಮಧ್ಯಾಹ್ನದ ಹೊತ್ತು. ಎಲ್ಲರೂ ಅಡುಗೆಮನೆಯಲ್ಲಿದ್ದೆವು, ಕಿತ್ತಳೆಯ ಹಮೀದಾಕ ಸಮೇತ. ವಲೇರಿಯನ್ ಬಂದ. ಬಾಗಿಲಲ್ಲಿ ನಿಂತ. ಯಾರೂ "ಬಾ" ಎನ್ನುವ ಮೊದಲೇ ಒಳಗೆ ಬಂದುಬಿಟ್ಟ.

"ನಾನು ಹೋದ ಸಲ ಅಲ್ ಐನ್‌ನಲ್ಲಿ ಇರ್ಲಿಲ್ಲ. ಜೈಲಿನಲ್ಲಿ ಇದ್ದೆ" ಎಂದ. "ನನ್ನ ವ್ಯಾನಿನ ಅಡಿಗೆ ಒಬ್ಬ ಮನುಷ್ಯ ಬಂದ. ರಫೀಕ್ ಅಂತ ಹೆಸರು. ಸತ್ತುಹೋದ."

ನಾವು ಏನು ಮಾಡಿದೆವು ಗೊತ್ತೇ? ಬೆಚ್ಚಿಬಿದ್ದೆವು! "ಯೇ ದೇವಾ, ಹೌದಾ!" ಎಂದು ಲಿಲ್ಲಿ ಬಾಯಿ ಎದೆ ಹಿಡಿದುಕೊಂಡರು. "ಯಾ ಅಲ್ಲಾಹ್" ಎಂದು ಹಮೀದಾಕ ಸ್ಟೂಲಿನ ಮೇಲೆ ಕುಸಿದರು. "ನಮಗೆ ಗೊತ್ತೇ ಇರ್ಲಿಲ್ಲ ಮಾರಾಯ!" ಎಂದರು ನಮ್ಮ ಯಜಮಾನರು. ನಾನೂ ಬಾಯಿ ತೆರೆದು ನಿಂತೆ. ನಾಟಕ ರೂಢಿಯಾಗಿಬಿಟ್ಟಿತ್ತು, ಏನು ಮಾಡಲಿ?

ಶೆರಿಲ್ ತಡೆಯಲಾರದೆ ನಕ್ಕುಬಿಟ್ಟಳು. "ಪಪ್ಪಾ, ಎವ್ರಿಬಡಿ ನ್ಯೂ!"

ವಲೇರಿಯನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಸಿಟ್ಟು ಬಂದೀತೆಂದು ನಾನು ಹೆದರಿದ್ದೆ. ಸಿಟ್ಟು ಬರಲಿಲ್ಲ. ತೀರಾ ಮೆಲ್ಲಗೆ ಕೇಳಿದ: "ಗೊತ್ತಿದ್ರೆ ಮತ್ತೆ ಯಾರೂ ಎಂತಕ್ಕೆ ಕೇಳ್ಲಿಲ್ಲ?"

ಹಮೀದಾಕ ಕಿತ್ತಳೆ ಸುಲಿಯತೊಡಗಿದರು.

ಮೊನ್ನೆ ವಲೇರಿಯನ್ ರಜೆಗೆ ಬಂದಿದ್ದ. ಕೈಯಲ್ಲಿ ಖರ್ಜೂರದ ಡಬ್ಬಿಗಳು, ಈ ಸಲ ಅಪ್ಪಟ ಅಲ್ ಐನ್‌ನವು. (ಆಣೆ ಮಾಡಿ ಹೇಳುತ್ತೇನೆ, ಹಮೀದಾಕನ ಅಂಗಡಿಯದ್ದೇ ರುಚಿ.) ಗೋಡೌನಿನಲ್ಲಿ ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದವರಿಗೆ ಫುಜೈರಾ ಎನ್ನದೆ ಮೊದಲ ದಿನವೇ ನಿಜ ಹೇಳಿಬಿಟ್ಟನಂತೆ. ನಾನು ಅನ್ನಕ್ಕೆ ನೀರಿಟ್ಟಿದ್ದೆ. ಅಲ್ಲಿ ಹವೆ ಹೇಗಿದೆ ಎಂದು ಕೇಳಲು ಬಾಯಿ ತೆರೆದವಳು, ಅದನ್ನು ನುಂಗಿಕೊಂಡು, "ಆ ರಫೀಕ್ ಯಾವ ಊರಿನವನು ವಾಲಿ?" ಎಂದೆ.

ಅವನು ಡಬ್ಬಿಗಳನ್ನು ಕೆಳಗಿಟ್ಟು ಸ್ಟೂಲ್ ಎಳೆದು ಕೂತ. ಮಾತು ಶುರು ಮಾಡಿದ. ಅನ್ನ ಸೀದು ವಿಲ್ಲಾ ತುಂಬ ವಾಸನೆ ಹಬ್ಬಿದರೂ ನಿಲ್ಲಿಸಲಿಲ್ಲ.

ಅವನ ಬಗ್ಗೆ ಎಲ್ಲವೂ ಗೊತ್ತಿದ್ದ ನಮಗೆ, ಅವನಲ್ಲಿ ಇಷ್ಟೊಂದು ಮಾತಿದೆ ಎನ್ನುವುದೊಂದು ಯಾಕೆ ಗೊತ್ತಾಗಲಿಲ್ಲ?